ಮೊಳಕೆಯಲ್ಲಿ ಕಾಣದ ಸಿರಿ

ಕಳೆದ ತಿಂಗಳು ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನ್ ಮಾಡಿದ್ದಳು. ಮಗಳ ಹೆರಿಗೆ ಹತ್ತಿರವಾಗಿದೆ. ಹೊಕ್ಕುಳಬಳ್ಳಿಯ ರಕ್ತ ಕಾಪಿಡುವ ಕಂಪನಿಯೊಂದರ ಹುಡುಗ ಮನೆಗೇ ಬಂದು ಬಣ್ಣದ ಪುಸ್ತಿಕೆ ಕೊಟ್ಟುಹೋಗಿದ್ದಾನೆ. "ಸಾರ್, ಮುಂದೆ ಮಗೂದು ಹೃದಯ ಕೆಟ್ರೆ ಹೃದಯ, ನರ ಕೆಟ್ರೆ ನರ, ಎಲ್ಲಾ ಇದರಿಂದಲೇ ಮಾಡ್ಕೋಬಹುದಂತೆ. ನಿಜಾನಾ?" ನನ್ನ ತರಗತಿಯಲ್ಲಿ ಎರಡು ವರ್ಷ ಕೂತವಳೇ ಹೀಗೆ ಕೇಳಿದಳಲ್ಲ ಎಂದು ಮೊದಲು ಪಿಚ್ಚೆನಿಸಿತು. ಆಮೇಲೆ ಯೋಚಿಸಿದರೆ ತಪ್ಪು ಅವಳದಲ್ಲ. ಆ ರಕ್ತದಲ್ಲಿರುವಂಥ, ತಮ್ಮಂಥವನ್ನೂ ಬೇರೆ ಬಗೆಯವನ್ನೂ ಹುಟ್ಟಿಸಬಲ್ಲ ಆಕರಕೋಶಗಳ (ಸ್ಟೆಮ್ ಸೆಲ್) ಕತೆಯನ್ನು ಪತ್ರಿಕೆಗಳೂ ಪಠ್ಯಗಳೂ ಹೇಳುವ ರೀತಿಯೇ ಹಾಗಿದೆ: ಒಂದು ಮಾಯಾಕೋಶ, ಅದರೊಳಗೆ ಇಡೀ ದೇಹ, ಎಲ್ಲಿ ಸುರಿದರೆ ಅಲ್ಲಿಯದಾಗುವ ಗುಣ. ಆ ಕತೆಯಲ್ಲಿ ಭ್ರೂಣವೇ ಇಲ್ಲ. ನಲವತ್ತು ವರ್ಷ ಭ್ರೂಣ ನೋಡುತ್ತ ಕೂತವನಿಗೆ ಇದು ಮದುಮಗಳನ್ನೇ ಬಿಟ್ಟು ಮದುವೆಯ ವರದಿ ಬರೆದಂತೆ ಕಾಣುತ್ತದೆ.

ಗೊಂದಲ ಹೆಸರಿನಿಂದಲೇ ಶುರು. ಕನ್ನಡದಲ್ಲಿ ಕೆಲವರು ಕಾಂಡಕೋಶ ಎನ್ನುತ್ತಾರೆ, ಕೆಲವರು ಆಕರಕೋಶ. ಆಕರ ಎಂದರೆ ಗಣಿ. ಅಗೆದರೆ ಸಿಗುವುದೆಲ್ಲ ಮೊದಲೇ ಅಲ್ಲಿದೆ ಎಂಬ ಧ್ವನಿ. ಕಾಂಡ ಎಂದರೆ ಕವಲೊಡೆಯುವುದು. ಒಮ್ಮೆ ಕವಲಾದದ್ದು ಮತ್ತೆ ಕಾಂಡವಾಗದು ಎಂಬ ಧ್ವನಿ. ಜರ್ಮನಿಯ ಅರ್ನ್ಸ್ಟ್ ಹೆಕಲ್ 1868ರಲ್ಲಿ ಈ ಪದದ ಜರ್ಮನ್ ರೂಪವನ್ನು ಬಳಸಿದಾಗ ಅವರ ಮನಸ್ಸಿನಲ್ಲಿದ್ದದ್ದು ಜೀವಿಗಳ ವಂಶವೃಕ್ಷ, ಅದರ ಬುಡದ ಏಕಕೋಶಿ ಪೂರ್ವಜ. ಆಸ್ಪತ್ರೆಯ ಮಾತೇ ಅಲ್ಲಿರಲಿಲ್ಲ. ರೂಢಿಯಿಂದ ನಾನು ಆಕರಕೋಶ ಎಂದೇ ಬರೆಯುತ್ತೇನೆ. ಗಣಿಯ ಅರ್ಥವನ್ನು ಓದುಗರು ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಬರಬೇಕು.

ಹಿಂದಿನದನ್ನು ಬೇಗ ದಾಟೋಣ. 'ಬೆಳೆಯುವ ಸಿರಿ ಮೊಳಕೆಯಲ್ಲಿ' ಎಂಬ ನಮ್ಮ ಗಾದೆಯನ್ನು ಹದಿನೇಳು, ಹದಿನೆಂಟನೆಯ ಶತಮಾನದ ಯೂರೋಪಿನ ಪಂಡಿತರು ಅಕ್ಷರಶಃ ನಂಬಿದ್ದರು: ಮೊಟ್ಟೆಯಲ್ಲೋ ವೀರ್ಯಾಣುವಿನಲ್ಲೋ ಪುಟ್ಟ ಜೀವಿಯೊಂದು ಮಡಚಿಕೊಂಡು ಕೂತಿದೆ, ಬೆಳವಣಿಗೆ ಎಂದರೆ ಅದು ಉಬ್ಬುವುದು ಅಷ್ಟೇ. 1759ರಲ್ಲಿ ಕಾಸ್ಪರ್ ವೂಲ್ಫ್ ಕೋಳಿಭ್ರೂಣ ನೋಡಿ, ಇಲ್ಲ, ಅಂಗಗಳು ಹೊಸದಾಗಿ ರೂಪುಗೊಳ್ಳುತ್ತವೆ ಎಂದರು. ಪ್ಯಾಂಡರ್, ಫಾನ್ ಬೇರ್ ಮೂರು ಪದರಗಳನ್ನು ಗುರುತಿಸಿದರು: ಹೊರಪದರದಿಂದ ಚರ್ಮ ಮತ್ತು ನರ, ನಡುಪದರದಿಂದ ಸ್ನಾಯು, ಮೂಳೆ, ರಕ್ತ, ಒಳಪದರದಿಂದ ಕರುಳು, ಯಕೃತ್ತು. 1888ರಲ್ಲಿ ವಿಲ್ಹೆಲ್ಮ್ ರೂ ಎರಡು ಕೋಶಗಳ ಕಪ್ಪೆಭ್ರೂಣದಲ್ಲಿ ಒಂದನ್ನು ಕಾದ ಸೂಜಿಯಿಂದ ಚುಚ್ಚಿದರು. ಉಳಿದದ್ದು ಅರ್ಧ ಭ್ರೂಣವಾಯಿತು. ನಾಲ್ಕು ವರ್ಷದ ಮೇಲೆ ಹಾನ್ಸ್ ಡ್ರೀಶ್ ಸೀ ಅರ್ಚಿನ್ ಎಂಬ ಮುಳ್ಳುಮೈಯ ಕಡಲಜೀವಿಯ ಎರಡು ಕೋಶಗಳನ್ನು ಅಲುಗಾಡಿಸಿ ಬೇರ್ಪಡಿಸಿದರು. ಪ್ರತಿಯೊಂದೂ ಚಿಕ್ಕದಾದರೂ ಪೂರ್ಣ ಮರಿಯಾಯಿತು. ಫಲಿತಾಂಶ ಏಕೆ ಬೇರೆಯಾಯಿತು? ರೂ ಅವರ ಪ್ರಯೋಗದಲ್ಲಿ ಸತ್ತ ನೆರೆಕೋಶ ಪಕ್ಕದಲ್ಲೇ ಅಂಟಿಕೊಂಡಿತ್ತು. ಡ್ರೀಶ್ ಅವರದರಲ್ಲಿ ಪಕ್ಕ ಖಾಲಿಯಾಗಿತ್ತು. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದೆಲ್ಲ ಆ ವ್ಯತ್ಯಾಸದಲ್ಲೇ ಇದೆ.

1924ರಲ್ಲಿ ಫ್ರೈಬುರ್ಗ್‌ನ ಹಾನ್ಸ್ ಸ್ಪೆಮಾನ್ ಮತ್ತು ಅವರ ವಿದ್ಯಾರ್ಥಿನಿ ಹಿಲ್ಡೆ ಮ್ಯಾಂಗೋಲ್ಡ್ ಪ್ರಕಟಿಸಿದ ಪ್ರಬಂಧ ಅದನ್ನೇ ದೊಡ್ಡದು ಮಾಡಿ ತೋರಿಸಿತು. ನ್ಯೂಟ್ ಎಂಬ ಬಾಲವುಳ್ಳ ಉಭಯಚರದ ತಿಳಿಬಣ್ಣದ ಭ್ರೂಣದಿಂದ ಒಂದು ಚೂರು ತೆಗೆದು, ಗಾಢಬಣ್ಣದ ಇನ್ನೊಂದರ ಹೊಟ್ಟೆಯ ಕಡೆ ನೆಟ್ಟರು. ಅಲ್ಲಿ ಎರಡನೆಯ ಬೆನ್ನು, ಎರಡನೆಯ ನರಕೊಳವೆ ಎದ್ದವು. ಬಣ್ಣ ನೋಡಿದರೆ ಬಹುಪಾಲು ಕೋಶಗಳು ಅತಿಥಿಯವಲ್ಲ, ಮನೆಯವರವೇ! ಹೊಟ್ಟೆಯ ಚರ್ಮವಾಗಬೇಕಿದ್ದವು ಬಂದವರ ಮಾತು ಕೇಳಿ ಬೆನ್ನುಹುರಿಯಾಗಿದ್ದವು. ಅದೇ ವರ್ಷ ಹಿಲ್ಡೆ ಅಡುಗೆಮನೆಯ ಪೆಟ್ರೋಲ್ ಒಲೆ ಸಿಡಿದು ತೀರಿಕೊಂಡರು, ಇಪ್ಪತ್ತೈದರ ವಯಸ್ಸಿನಲ್ಲಿ. 1935ರ ನೊಬೆಲ್ ಸ್ಪೆಮಾನ್ ಒಬ್ಬರಿಗೆ ಬಂತು.

ಆ ಚೂರಿನಲ್ಲಿ ಏನಿದೆ ಎಂಬ ಹುಡುಕಾಟ ಅರ್ಧ ಶತಮಾನ ಹಳ್ಳ ಹಿಡಿಯಿತು. ಚೂರನ್ನು ಕೊಂದು ನೆಟ್ಟರೂ ಕೆಲಸವಾಗುತ್ತಿತ್ತು. ಕೊನೆಗೆ ಪ್ರಯೋಗಾಲಯದ ಮಿಥಿಲಿನ್ ಬ್ಲೂ ಬಣ್ಣದಿಂದಲೂ ಆಯಿತು. ಬೇಸತ್ತವರು ಬೇರೆ ದಾರಿ ಹಿಡಿದರು. ಎಡಿನ್‌ಬರೋದ ಕಾನ್ರಾಡ್ ವ್ಯಾಡಿಂಗ್ಟನ್ 1957ರಲ್ಲಿ ಬೆಟ್ಟದಿಂದ ಉರುಳುವ ಚೆಂಡಿನ ಚಿತ್ರ ಕೊಟ್ಟರು: ಕಣಿವೆಗಳು ಕವಲಾಗುತ್ತ ಹೋಗುತ್ತವೆ, ಚೆಂಡು ಒಂದರಲ್ಲಿ ಇಳಿಯುತ್ತದೆ. ಈ ಚಿತ್ರ ಇಂದು ಎಲ್ಲರ ಸ್ಲೈಡಿನಲ್ಲೂ ಇದೆ. ಅಕ್ಕಪಕ್ಕದ ಚೆಂಡುಗಳು ಮಾತ್ರ ಅದರಲ್ಲಿಲ್ಲ. ವ್ಯಾಡಿಂಗ್ಟನ್ ಬಳಿ ಕಲಿತು ಪುಣೆಗೆ ಮರಳಿದ ಲೀಲಾ ಮುಳ್ಹೇರ್ಕರ್ ಅಲ್ಲಿ ಕೋಳಿಭ್ರೂಣದ ಅಧ್ಯಯನಕ್ಕೆ ಬುನಾದಿ ಹಾಕಿದರು. ನಮ್ಮ ದೇಶದ ಈ ಅಧ್ಯಾಯವನ್ನು ಬರೆಯುವವರು ಕಡಿಮೆ.

ನಮ್ಮ ಪೀಳಿಗೆ ಒಳಬಂದದ್ದು ಈ ಹೊತ್ತಿಗೆ. ನಾನು ಎಂ.ಎಸ್ಸಿ. ಸೇರಿದ್ದು 1974ರಲ್ಲಿ. ಪ್ರಯೋಗ ಎಂದರೆ ಕೋಳಿಮೊಟ್ಟೆ. ಕಾವುಪೆಟ್ಟಿಗೆಯನ್ನು 38 ಡಿಗ್ರಿಯಲ್ಲಿಟ್ಟು, ಚಿಪ್ಪಿನಲ್ಲಿ ಕಿಟಕಿ ಕೊರೆದು, ಉಪ್ಪುನೀರು ಬಿಟ್ಟು ನೋಡುವುದು. ಎರಡನೆಯ ದಿನ ಹಳದಿಯ ಮೇಲೆ ಸಾಸಿವೆಗಿಂತ ಚಿಕ್ಕದೊಂದು ಕೆಂಪು ಚುಕ್ಕೆ ಮಿಡಿಯತೊಡಗುತ್ತದೆ. ಹೃದಯಕ್ಕೆ ಇನ್ನೂ ಕೋಣೆಗಳಿಲ್ಲ, ನರಗಳ ಸಂಪರ್ಕವಿಲ್ಲ, ಆದರೂ ಬಡಿತವಿದೆ. ಅದನ್ನು ಒಮ್ಮೆ ಕಂಡವರು ಆಕರಕೋಶವನ್ನು ಮಾತ್ರೆಯಂತೆ ಯೋಚಿಸಲಾರರು.

ಆಗ ನಮಗೆ ದೇವರಂತಿದ್ದವರು ಫ್ರಾನ್ಸಿನ ನಿಕೋಲ್ ಲ ದುಆರಾಂ. ಕ್ವೇಲ್ ಹಕ್ಕಿಯ ಕೋಶಕೇಂದ್ರದಲ್ಲಿ ಗಾಢವಾಗಿ ಬಣ್ಣ ಹಿಡಿಯುವ ಒಂದು ಗಂಟು ಇರುತ್ತದೆ, ಕೋಳಿಯಲ್ಲಿಲ್ಲ. ಕ್ವೇಲಿನ ಕೋಶಗಳನ್ನು ಕೋಳಿಭ್ರೂಣದಲ್ಲಿ ನೆಟ್ಟರೆ ಯಾರು ಎಲ್ಲಿಗೆ ಹೋದರು ಎಂಬುದು ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ. 1969ರಿಂದ ಈ ಉಪಾಯ ಬೆಳೆಸಿದ ಅವರು ನರಕೊಳವೆಯ ಅಂಚಿನಿಂದ ಹೊರಟು ಮೈಯೆಲ್ಲ ಸಂಚರಿಸುವ ಕೋಶಗಳ ಜಾಡು ಹಿಡಿದರು. ಮುಂಡದ ಭಾಗದ ಕೋಶಗಳನ್ನು ಕುತ್ತಿಗೆಯ ಹತ್ತಿರ ನೆಟ್ಟಾಗ ಅವು ಕರುಳಿಗೆ ಇಳಿದು ಕರುಳಿನ ನರಗಳಾದವು. ಯಾವ ನರರಾಸಾಯನಿಕ ತಯಾರಿಸಬೇಕೆಂಬುದನ್ನೂ ಹೊಸ ಜಾಗಕ್ಕೆ ತಕ್ಕಂತೆ ಬದಲಿಸಿಕೊಂಡವು. ಸಹವಾಸದಿಂದ ಸನ್ಯಾಸಿ ಕೆಟ್ಟ ಎನ್ನುತ್ತಾರೆ; ಭ್ರೂಣದಲ್ಲಿ ಸಹವಾಸದಿಂದಲೇ ಎಲ್ಲರೂ ಉದ್ಧಾರ.

ಬೆಂಗಳೂರಿನಲ್ಲೇ ಇದರ ಇನ್ನೊಂದು ಮುಖ ಕಂಡಿತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿದ್ಯಾನಂದ ನಂಜುಂಡಯ್ಯ ಅವರು ಡಿಕ್ಟಿಯೋಸ್ಟೀಲಿಯಮ್ ಎಂಬ ಮಣ್ಣಿನ ಅಮೀಬಾಗಳನ್ನು ಹಿಡಿದು ಕೂತರು. ಹೊಟ್ಟೆಗಿರುವವರೆಗೆ ಇವು ಒಂಟಿ. ಹಸಿವಾದಾಗ ಸಾವಿರಗಟ್ಟಲೆ ಸೇರಿ ಒಂದು ಮೈಯಾಗುತ್ತವೆ; ಸುಮಾರು ಐದರಲ್ಲೊಂದು ಪಾಲು ಕಾಂಡವಾಗಿ ಸಾಯುತ್ತದೆ, ಉಳಿದವು ಅದರ ತುದಿಯಲ್ಲಿ ಬೀಜಕಣಗಳಾಗಿ ಬದುಕುತ್ತವೆ. ಯಾರು ಕಾಂಡ, ಯಾರು ಬೀಜ? ಒಂಟಿಯಾಗಿದ್ದಾಗಿನ ಸ್ಥಿತಿ ಸ್ವಲ್ಪ ಒಲವು ಕೊಡುತ್ತದೆ, ತೀರ್ಮಾನ ಗುಂಪಿನಲ್ಲಾಗುತ್ತದೆ. ಕೋಶವಿಭೇದನದ ಇಡೀ ಪ್ರಶ್ನೆಯನ್ನು ಒಂದು ಚಿಟಿಕೆ ಮಣ್ಣಿನಲ್ಲಿ ಕೇಳಬಹುದೆಂದು ಅವರು ತೋರಿಸಿದರು. ಇದಕ್ಕೆ ಸಿಗಬೇಕಾದಷ್ಟು ಓದುಗರು ಸಿಗಲಿಲ್ಲ, ಅಮೀಬಾಗೆ ಜಾಹೀರಾತಿಲ್ಲವಲ್ಲ.

ವೈದ್ಯರ ಕಡೆಯ ಕತೆ ಟೊರಾಂಟೊದ್ದು. ಜೇಮ್ಸ್ ಟಿಲ್ ಮತ್ತು ಅರ್ನೆಸ್ಟ್ ಮೆಕಲಾ ವಿಕಿರಣದ ಪರಿಣಾಮ ಅಳೆಯಲು ಹೊರಟಿದ್ದರು. ವಿಕಿರಣ ಕೊಟ್ಟ ಇಲಿಗಳಿಗೆ ಅಸ್ಥಿಮಜ್ಜೆಯ ಕೋಶಗಳನ್ನು ಚುಚ್ಚಿ, ಹತ್ತು ದಿನದ ಮೇಲೆ ಗುಲ್ಮ ನೋಡಿದರೆ ಗಂಟುಗಳು. ಪ್ರತಿ ಗಂಟೂ ಒಂದೇ ಕೋಶದ ಸಂತಾನ, ಅದರಲ್ಲಿ ಹಲವು ಬಗೆಯ ರಕ್ತಕೋಶಗಳು. 1961 ಮತ್ತು 1963ರ ಈ ಪ್ರಬಂಧಗಳಿಂದ ಆಕರಕೋಶಕ್ಕೆ ಎಣಿಸಿ ತೋರಿಸಬಲ್ಲ ರೂಪ ಬಂತು. ಎಲ್ಲರೂ ಹೇಳುವ ಕತೆ ಇಲ್ಲಿಗೆ ನಿಲ್ಲುತ್ತದೆ. ಮುಂದಿನದು ನನಗೆ ಹೆಚ್ಚು ಪ್ರಿಯ. ಗುಲ್ಮದ ಗಂಟಿನ ಕೋಶಗಳು ಮಜ್ಜೆಯಲ್ಲಿರುವವುಗಳಷ್ಟು ಕಾಲ ತಮ್ಮನ್ನು ನವೀಕರಿಸಿಕೊಳ್ಳಲಾರವು ಎಂಬುದನ್ನು ಇಂಗ್ಲೆಂಡಿನ ರೇ ಸ್ಕೋಫೀಲ್ಡ್ ಗಮನಿಸಿದರು. ದೋಷ ಕೋಶದ್ದಲ್ಲ, ಜಾಗದ್ದು ಎಂದು 1978ರಲ್ಲಿ ವಾದಿಸಿದರು. ಅವರು ಬಳಸಿದ ಪದಕ್ಕೆ ನಮ್ಮಲ್ಲಿ ಸೊಗಸಾದ ಮಾತಿದೆ: ಹಳೆಯ ಮನೆಗಳ ಗೋಡೆಯಲ್ಲಿ ದೀಪವಿಡಲು ಬಿಡುತ್ತಿದ್ದ ಗೂಡು. ಗೂಡಿನಲ್ಲಿರುವಷ್ಟು ಕಾಲ ಅದು ಆಕರಕೋಶ. ಕೋಶ ಎರಡಾದಾಗ ಗೂಡಿನಲ್ಲಿ ಉಳಿದ ಮಗಳು ತಾಯಿಯಂತೆಯೇ, ಹೊರಬಿದ್ದವಳು ಬೇರೆ ಸಂಸಾರಕ್ಕೆ. ಇಪ್ಪತ್ತು ವರ್ಷ ಇದನ್ನು ಯಾರೂ ಅಷ್ಟಾಗಿ ಲೆಕ್ಕಿಸಲಿಲ್ಲ. ಹಣ್ಣಿನ ನೊಣದ ಅಂಡಾಶಯದಲ್ಲಿ ತಿಂಗ್ ಶೀ ಮತ್ತು ಅಲನ್ ಸ್ಪ್ರಾಡ್ಲಿಂಗ್ 2000ದಲ್ಲಿ ಗೂಡನ್ನು ಕಣ್ಣಿಗೆ ತೋರಿಸಿದ ಮೇಲೆ ಎಲ್ಲರೂ ಅದರ ಪರವಾದರು.

ಆ ಇಪ್ಪತ್ತು ವರ್ಷಗಳ ನಡುವೆ ಕಪ್ಪೆಯವರು ಸ್ಪೆಮಾನ್ ಒಗಟನ್ನು ಬಿಡಿಸಿದರು. ಭ್ರೂಣದ ಮೇಲ್ತುದಿಯ ಟೋಪಿಯಂಥ ಭಾಗವನ್ನು ಕತ್ತರಿಸಿ, ಆಕ್ಟಿವಿನ್ ಎಂಬ ಪ್ರೋಟೀನಿನ ಬೇರೆಬೇರೆ ಪ್ರಮಾಣದಲ್ಲಿಟ್ಟರೆ ಬೇರೆಬೇರೆ ಅಂಗಾಂಶ ಬರುತ್ತದೆಂದು 1990ರ ಹೊತ್ತಿಗೆ ಗೊತ್ತಾಯಿತು. ಕೋಶ ಮಾತನ್ನಷ್ಟೇ ಕೇಳುವುದಿಲ್ಲ, ಎಷ್ಟು ಗಟ್ಟಿಯಾಗಿ ಹೇಳಿದರು ಎಂಬುದನ್ನೂ ಅಳೆಯುತ್ತದೆ. ಬಳಿಕ 1992ರಲ್ಲಿ ನಾಗ್ಗಿನ್, 1994ರಲ್ಲಿ ಕಾರ್ಡಿನ್ ಎಂಬ ಪ್ರೋಟೀನುಗಳು ಸಿಕ್ಕವು. ಬೆರಗಿನ ಸಂಗತಿ ಏನೆಂದರೆ, ಹೊರಪದರದ ಕೋಶಗಳನ್ನು ಅವುಗಳ ಪಾಡಿಗೆ ಬಿಟ್ಟರೆ ನರವಾಗಲು ಒಲಿಯುತ್ತವೆ. ಬಿಎಂಪಿ ಎಂಬ ಪ್ರೋಟೀನು ಬೇಡ ಬೇಡವೆನ್ನುತ್ತ ಅವನ್ನು ಚರ್ಮದ ಕಡೆ ತಳ್ಳುತ್ತಿರುತ್ತದೆ. ಹಿಲ್ಡೆ ನೆಟ್ಟ ಚೂರು ನಾಗ್ಗಿನ್, ಕಾರ್ಡಿನ್‌ಗಳಿಂದ ಮಾಡುತ್ತಿದ್ದದ್ದು ಆ ಬೇಡದ ಬಾಯಿ ಮುಚ್ಚಿಸುವ ಕೆಲಸ.

ಇನ್ನು ಜೀನುಗಳ ಪಂಥ. 1962ರಲ್ಲಿ ಜಾನ್ ಗರ್ಡನ್ ಗೊದಮೊಟ್ಟೆಯ ಕರುಳಿನ ಕೋಶಕೇಂದ್ರವನ್ನು ಕಪ್ಪೆಯ ಮೊಟ್ಟೆಗೆ ಹಾಕಿ ಮರಿ ಪಡೆದಿದ್ದರು. ವಿಶೇಷಗೊಂಡ ಕೋಶ ಹಳೆಯ ಪಾಠವನ್ನು ಕಳೆದುಕೊಂಡಿರುವುದಿಲ್ಲ. 1987ರಲ್ಲಿ ಹ್ಯಾರಲ್ಡ್ ವೈನ್‌ಟ್ರಾಬ್ ತಂಡ ಮಯೋಡಿ ಎಂಬ ಒಂದೇ ಜೀನಿನಿಂದ ಸಾಮಾನ್ಯ ಕೋಶವನ್ನು ಸ್ನಾಯುವಾಗಿಸಿತು. 2006ರಲ್ಲಿ ಶಿನ್ಯಾ ಯಮನಾಕ 24 ಜೀನುಗಳಿಂದ ಶುರುಮಾಡಿ ನಾಲ್ಕಕ್ಕೆ ಇಳಿಸಿ, ಇಲಿಯ ಚರ್ಮದ ಕೋಶವನ್ನು ಭ್ರೂಣದ ಆಕರಕೋಶದಂತಾಗಿಸಿದರು; ಮರುವರ್ಷ ಮಾನವನದು. ಗರ್ಡನ್ ಜೊತೆ 2012ರ ನೊಬೆಲ್ ನ್ಯಾಯವಾಗಿಯೇ ಬಂತು. ಆದರೆ ಆ ನಾಲ್ಕು ಜೀನುಗಳು ಕೋಶವನ್ನು ಹಿಂದಕ್ಕೆ ಒಯ್ಯುತ್ತವೆ, ಅಷ್ಟೇ. ಮುಂದೆ ಹೃದಯವಾಗಬೇಕಾದರೆ ಮೊದಲು ಆಕ್ಟಿವಿನ್, ಆಮೇಲೆ ಬಿಎಂಪಿ, ದಿನ ಲೆಕ್ಕಹಾಕಿ ಕೊಡಬೇಕು. ಈ ಕ್ರಮ ಎಲ್ಲಿಂದ ಬಂತು? ಕಪ್ಪೆ ಮತ್ತು ಕೋಳಿಯಿಂದ. ಸಾಲ ತೀರಿಸುವುದಿರಲಿ, ಸಾಲವಿದೆ ಎಂಬುದೂ ಈಗಿನವರ ನೆನಪಿನಲ್ಲಿಲ್ಲ.

ನೆನಪಿದ್ದಿದ್ದರೆ 2001ರ ಪ್ರಸಂಗ ನಡೆಯುತ್ತಿರಲಿಲ್ಲ. ಮಜ್ಜೆಯ ಕೋಶಗಳನ್ನು ಇಲಿಯ ಗಾಯಗೊಂಡ ಹೃದಯಕ್ಕೆ ಚುಚ್ಚಿದರೆ ಹೃದಯಸ್ನಾಯುವಾಗುತ್ತವೆಂಬ ವರದಿ ಬಂತು. ಜಗತ್ತೆಲ್ಲ ಸೂಜಿ ಹಿಡಿದು ನಿಂತಿತು. 2004ರಲ್ಲಿ ಎರಡು ಬೇರೆ ತಂಡಗಳು ಪರೀಕ್ಷಿಸಿ ನೋಡಿದರೆ ಅವು ರಕ್ತದ ಕೋಶಗಳಾಗಿಯೇ ಉಳಿದಿದ್ದವು. ನೆರೆಹೊರೆಯ ಮಾತು ಕೇಳಲು ಕಿವಿಯೂ ಬೇಕು. ಆ ಕಿವಿ ಬೆಳವಣಿಗೆಯ ಒಂದು ಹಂತದಲ್ಲಿ ತೆರೆದು ಮುಚ್ಚಿಕೊಳ್ಳುತ್ತದೆ.

ನಿಜಕ್ಕೂ ಗೆದ್ದ ಚಿಕಿತ್ಸೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮಜ್ಜೆಯ ಕಸಿ: ರಕ್ತನಾಳಕ್ಕೆ ಬಿಟ್ಟ ಕೋಶಗಳು ತಮ್ಮ ಗೂಡು ಹುಡುಕಿಕೊಂಡು ಹೋಗುತ್ತವೆ. ಹೊಕ್ಕುಳಬಳ್ಳಿಯ ರಕ್ತವೂ ಅಷ್ಟೇ. 1988ರಲ್ಲಿ ಪ್ಯಾರಿಸಿನಲ್ಲಿ ಮೊದಲ ಬಾರಿ ಕೊಟ್ಟದ್ದು ಫ್ಯಾಂಕೋನಿ ರಕ್ತಹೀನತೆಯ ಹುಡುಗನಿಗೆ, ಅದೂ ಅವನ ತಂಗಿಯದು. ಮೈ ಸುಟ್ಟವರಿಗೆ ಹೊವರ್ಡ್ ಗ್ರೀನ್ ಬೆಳೆಸಿದ ಚರ್ಮ. ಕಣ್ಣಿಗೆ ಸುಣ್ಣ ಸಿಡಿದು ಕಾರ್ನಿಯಾ ಮಸುಕಾದವರಿಗೆ ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯ ವೀರೇಂದರ್ ಸಾಂಗ್ವಾನ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಸರಳ ವಿಧಾನ: ಒಳ್ಳೆಯ ಕಣ್ಣಿನ ಕರಿಗುಡ್ಡೆಯ ಅಂಚಿನಿಂದ ಎರಡು ಮಿಲಿಮೀಟರ್ ಚೂರು ತೆಗೆದು, ಅದನ್ನು ಸಣ್ಣಗೆ ತುಂಡರಿಸಿ ಕೆಟ್ಟ ಕಣ್ಣಿನ ಮೇಲೆ ಅಂಟಿಸುವುದು. ಪ್ರಯೋಗಾಲಯ ಬೇಡ, ಕೋಶಗಳನ್ನು ಕಣ್ಣೇ ಬೆಳೆಸುತ್ತದೆ. ಇವೆಲ್ಲದರಲ್ಲೂ ಕೋಶ ತನ್ನ ಮನೆಗೇ ಹೋಗುತ್ತದೆ. ಜಾಹೀರಾತುಗಳು ಮಾರುವುದು ಪರರ ಮನೆಯ ವಿಳಾಸ.

ಇತ್ತೀಚಿನ ಒಂದು ಪ್ರಯೋಗ ನೆರೆಹೊರೆಯನ್ನೇ ನಂಬುವ ನನ್ನ ಪಂಥವನ್ನೂ ತಿದ್ದಿತು ಎಂದು ಒಪ್ಪಬೇಕು. 1994ರಲ್ಲಿ ಕಾರ್ಡಿನ್ ಹುಡುಕಿದವರಲ್ಲೊಬ್ಬರಾದ ಯೋಶಿಕಿ ಸಸಾಯ್ 2011ರಲ್ಲಿ ಇಲಿಯ ಭ್ರೂಣದ ಆಕರಕೋಶಗಳನ್ನು ತಟ್ಟೆಯಲ್ಲಿ ತೇಲಲು ಬಿಟ್ಟರು. ಪಕ್ಕದಲ್ಲಿ ಬೇರೆ ಅಂಗಾಂಶವಿಲ್ಲದೆಯೇ ಅವು ಕಣ್ಣಿನ ಬಟ್ಟಲಾಗಿ ಒಳಬಾಗಿದವು. ಹೊರಗಿನ ನೆರೆ ಇರಲಿಲ್ಲ. ಅವು ಪರಸ್ಪರ ನೆರೆಯಾಗಿದ್ದವು. ಹಾನ್ಸ್ ಕ್ಲೆವರ್ಸ್ ಪ್ರಯೋಗಾಲಯದಲ್ಲಿ 2009ರಲ್ಲಿ ಒಂದೇ ಕೋಶದಿಂದ ಬೆಳೆದ ಪುಟ್ಟ ಕರುಳಿನದೂ ಅದೇ ನೀತಿ. ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲಿ ಮನೀಷಾ ಇನಾಮ್ದಾರ್ ತಂಡ 2009ರಲ್ಲಿ ಮಾನವ ಭ್ರೂಣದ ಆಕರಕೋಶಗಳ ಎರಡು ತಳಿಗಳನ್ನು ಪಡೆದದ್ದರಿಂದ ಇಂಥ ಕೆಲಸಕ್ಕೆ ನಮ್ಮಲ್ಲೂ ಸಾಮಗ್ರಿ ಬಂತು.

ಉಳಿದಿರುವ ಪ್ರಶ್ನೆಗಳು ಸಣ್ಣವಲ್ಲ. ತಟ್ಟೆಯ ಹೃದಯಕೋಶ ಭ್ರೂಣದ ಹೃದಯದಂತೆಯೇ ಉಳಿಯುತ್ತದೆ, ಪ್ರೌಢವಾಗುವುದಿಲ್ಲ, ಏಕೆ? ಯಕೃತ್ತು ಇಷ್ಟೇ ದೊಡ್ಡದಾಗಿ ನಿಲ್ಲಬೇಕೆಂದು ತಿಳಿಯುವುದು ಹೇಗೆ? ಬೆನ್ನುಮೂಳೆಯ ಗೆಣ್ಣು ಮೂಡಿಸುವ ಒಳಗಡಿಯಾರ ಇಲಿಯಲ್ಲಿ ಎರಡು ಗಂಟೆಗೊಮ್ಮೆ, ಮನುಷ್ಯನಲ್ಲಿ ಐದು ಗಂಟೆಗೊಮ್ಮೆ ಹೊಡೆಯುತ್ತದೆ. ಹೆಚ್ಚುಕಡಿಮೆ ಅವೇ ಜೀನುಗಳಿದ್ದೂ ಈ ನಿಧಾನ ಏಕೆ? ಇವಾವುದಕ್ಕೂ ಕೋಶವನ್ನು ಒಂಟಿಯಾಗಿಟ್ಟು ಉತ್ತರ ಸಿಗದು. ಭ್ರೂಣವನ್ನು ಗಂಟೆಗಟ್ಟಲೆ ನೋಡುವವರು ಬೇಕು.

ವಿದ್ಯಾರ್ಥಿನಿಗೆ ಹೇಳಿದೆ: ಹೊಕ್ಕುಳಬಳ್ಳಿಯ ರಕ್ತ ರಕ್ತವನ್ನು ಮಾಡಬಲ್ಲದು, ಹೃದಯವನ್ನಲ್ಲ. ಅವಳು ನಕ್ಕು, "ಸಾರ್, ಮೊಟ್ಟೆಯಲ್ಲಿ ಹೃದಯ ಬಡಿದದ್ದು ಈಗ್ಲೂ ಕಣ್ಣಿಗೆ ಕಟ್ಟಿದ ಹಾಗಿದೆ" ಎಂದಳು. ಅವಳಾದ ಮೇಲೆ ಆ ಪ್ರಯೋಗ ಕೆಲವು ವರ್ಷ ನಡೆದು ಪಠ್ಯಕ್ರಮದಿಂದ ಬಿದ್ದುಹೋಯಿತು. ಕಳೆದ ಬಾರಿ ವಿಭಾಗಕ್ಕೆ ಹೋದಾಗ ಕಾವುಪೆಟ್ಟಿಗೆ ಅದೇ ಮೂಲೆಯಲ್ಲಿತ್ತು. ಬಾಗಿಲು ತೆಗೆದು ನೋಡಿದೆ. ಒಳಗೆ ಹಳೆಯ ಉತ್ತರಪತ್ರಿಕೆಗಳ ಕಟ್ಟುಗಳಿದ್ದವು.