ಮೈಸೂರು ಲ್ಯಾನ್ಸರ್ಸ್
ಒಂದನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಪರವಾಗಿ ಈಜಿಪ್ಟ್, ಪ್ಯಾಲೆಸ್ಟೈನ್ ಹಾಗೂ ಸಿರಿಯಗಳಲ್ಲಿ ಹೋರಾಡಿದ, ಮೈಸೂರು ಸಂಸ್ಥಾನದ ಅಶ್ವದಳ. ಸ್ಥಾಪನೆ 1892, ಭರ್ಜಿ ಇದರ ಮುಖ್ಯ ಆಯುಧ. 1914ರ ಆಗಸ್ಟ್ 4ರಂದು ಬ್ರಿಟನ್ ಯುದ್ಧಕ್ಕಿಳಿಯಿತು. ಮೈಸೂರಿನ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧನಿಧಿಗೆ 50 ಲಕ್ಷ ರೂಪಾಯಿ ನೀಡಿ, ದಳವನ್ನು ಸಾಗರದಾಚೆಗೆ ಕಳುಹಿಸಿದರು. ತುರ್ಕಿ ಜರ್ಮನಿಯ ಪಕ್ಷ ಸೇರಿದ್ದರಿಂದ ಸೂಯೆಜ್ ಕಾಲುವೆಯ ಕಾವಲು ಇದರ ಮೊದಲ ಹೊಣೆಯಾಯಿತು.

ದಳದ ಹೆಸರು ಉಳಿದಿರುವುದು ಮುಖ್ಯವಾಗಿ ಪ್ಯಾಲೆಸ್ಟೈನಿನ ಹೈಫಾ ಕಾಳಗದಿಂದ (1918 ಸೆಪ್ಟೆಂಬರ್ 23). ಒಂದು ಕಡೆ ಕಾರ್ಮೆಲ್ ಬೆಟ್ಟದ ಕಡಿದಾದ ಇಳಿಜಾರು, ಇನ್ನೊಂದು ಕಡೆ ಕಿಶೋನ್ ನದಿಯ ಹುದುಲು ಮರಳು. ನಡುವಿನ ಇಕ್ಕಟ್ಟು ದಾರಿಗೆ ತುರ್ಕರ ಫಿರಂಗಿ, ಮೆಷಿನ್ ಗನ್‌ಗಳು ಗುರಿಯಿಟ್ಟಿದ್ದವು. ಮೈಸೂರಿನ ಒಂದು ತುಕಡಿ ಬೆಟ್ಟವೇರಿ ಅಲ್ಲಿನ ಫಿರಂಗಿಗಳನ್ನು ವಶಪಡಿಸಿಕೊಂಡಿತು. ಜೊತೆಗೆ ಹೋರಾಡುತ್ತಿದ್ದ ಜೋಧಪುರ ಸಂಸ್ಥಾನದ ಸವಾರರು ಬಯಲಿನಿಂದ ನೇರವಾಗಿ ಊರಿಗೆ ನುಗ್ಗಿದರು. ಶತ್ರುಪಕ್ಷದ ಸುಮಾರು 1,350 ಮಂದಿ ಸೆರೆಸಿಕ್ಕರು. ಮೆಷಿನ್ ಗನ್ನಿನ ಎದುರು ಕುದುರೆ ನಿಲ್ಲಲಾರದೆಂಬ ಆ ಕಾಲದ ಅನುಭವಕ್ಕೆ ಇದು ಅಪರೂಪದ ಅಪವಾದ. ಅಕ್ಟೋಬರ್ 26ರಂದು ಅಲೆಪ್ಪೊ ಬಳಿಯ ಹರಿತಾನ್‌ನಲ್ಲಿ ದಳ ಮತ್ತೆ ದಾಳಿಯಿಟ್ಟು ಸಾವುನೋವು ಅನುಭವಿಸಿತು. ನಾಲ್ಕೇ ದಿನಗಳಲ್ಲಿ ತುರ್ಕಿ ಕದನವಿರಾಮಕ್ಕೆ ಸಹಿ ಹಾಕಿತು.

ದೆಹಲಿಯ ತೀನ್ ಮೂರ್ತಿ ಸ್ಮಾರಕದ (1922) ಮೂರು ಪ್ರತಿಮೆಗಳು ಈ ಯುದ್ಧದಲ್ಲಿ ಹೋರಾಡಿದ ಮೈಸೂರು, ಜೋಧಪುರ, ಹೈದರಾಬಾದ್ ಸಂಸ್ಥಾನಗಳ ದಳಗಳನ್ನು ಪ್ರತಿನಿಧಿಸುತ್ತವೆ. ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿಯೂ ದಳದ ಸ್ಮಾರಕವಿದೆ. ಸ್ವಾತಂತ್ರ್ಯಾನಂತರ ಇದರ ಸವಾರರು ಭಾರತೀಯ ಸೇನೆಯ 61ನೆಯ ಅಶ್ವದಳದಲ್ಲಿ ಸೇರಿದರು.