ಟಿ.ವಿ. ತೋಟದಲ್ಲಿ ಬಾಡುವುದು ಯಾವುದು?

ಗಿಡ ಬಾಡುತ್ತದೆ, ಯಂತ್ರ ಬಾಳುತ್ತದೆ ಎಂಬುದು ನಮ್ಮ ಸಾಮಾನ್ಯ ತಿಳಿವಳಿಕೆ. ಇದನ್ನು ತಲೆಕೆಳಗು ಮಾಡಿದ ಕಲಾಕೃತಿಯೊಂದಿದೆ. ಕೊರಿಯಾ ಮೂಲದ ಕಲಾವಿದ ನಾಮ್ ಜೂನ್ ಪೈಕ್ 1974ರಲ್ಲಿ ರೂಪಿಸಿದ ಆ ಕೃತಿಯ ಹೆಸರು 'ಟಿ.ವಿ. ಗಾರ್ಡನ್'.

ಮಂದ ಬೆಳಕಿನ ವಿಶಾಲ ಕೋಣೆ. ನೆಲದ ತುಂಬ ಜೀವಂತ ಗಿಡಗಳು. ಅವುಗಳ ಎಲೆಗಳ ನಡುವೆ ಹತ್ತಾರು ಟಿ.ವಿ. ಪೆಟ್ಟಿಗೆಗಳು, ಹಲವು ಪೆಟ್ಟಿಗೆಗಳ ಪರದೆ ಮೇಲ್ಮುಖವಾಗಿದೆ, ಅರಳಿದ ಹೂವಿನಂತೆ. ಎಲ್ಲದರಲ್ಲೂ ಓಡುವುದು ಪೈಕ್ 1973ರಲ್ಲಿ ತಯಾರಿಸಿದ 'ಗ್ಲೋಬಲ್ ಗ್ರೂವ್' ಎಂಬ ಒಂದೇ ವಿಡಿಯೋ. ಅದರಲ್ಲಿ ಕೊರಿಯಾದ ನೃತ್ಯವಿದೆ, ಅಮೆರಿಕದ ಕುಣಿತವಿದೆ, ಜಪಾನಿನ ಜಾಹೀರಾತೂ ಇದೆ. ಚಿತ್ರವನ್ನು ಗೋಡೆಗೆ ತೂಗುಹಾಕದೆ ಇಡೀ ಜಾಗವನ್ನೇ ಕೃತಿಯಾಗಿಸುವ ಈ ಬಗೆಗೆ ಪ್ರತಿಷ್ಠಾಪನಾ ಕಲೆ ಎಂದು ಹೆಸರು. 1977ರಲ್ಲಿ ಜರ್ಮನಿಯ ಕಾಸೆಲ್ ನಗರದ ಡಾಕ್ಯುಮೆಂಟಾ ಪ್ರದರ್ಶನದಲ್ಲಿ ಈ ತೋಟ ಕಾಣಿಸಿಕೊಂಡಿತು. ಮುಂದೆ ನ್ಯೂಯಾರ್ಕಿನ ಗುಗೆನ್‌ಹೈಮ್ ಮ್ಯೂಸಿಯಂ ಇದನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು.

ಪೈಕ್ 1932ರಲ್ಲಿ ಸೋಲ್ ನಗರದಲ್ಲಿ ಹುಟ್ಟಿದ. ಟೋಕಿಯೋದಲ್ಲಿ ಓದಿ, ಸಂಗೀತ ಕಲಿಯಲು ಜರ್ಮನಿಗೆ ಹೋದ. ಅಲ್ಲಿನ ವುಪರ್ಟಾಲ್ ಎಂಬ ಊರಿನಲ್ಲಿ 1963ರಲ್ಲಿ, ಒಳಗಿನ ತಂತಿಗಳನ್ನು ಬದಲಿಸಿದ ಟಿ.ವಿ.ಗಳನ್ನು ಪ್ರದರ್ಶನಕ್ಕಿಟ್ಟ. ವಿಡಿಯೋ ಕಲೆಯ ಚರಿತ್ರೆಯನ್ನು ಬಹಳಷ್ಟು ವಿಮರ್ಶಕರು ಇಲ್ಲಿಂದ ಆರಂಭಿಸುತ್ತಾರೆ. 1965ರ ಅವನ ಕೃತಿಯೊಂದರ ಹೆಸರು 'ಚಂದ್ರನೇ ಅತಿ ಹಳೆಯ ಟಿ.ವಿ.' ಎಂಬರ್ಥದ್ದು. ಟಿ.ವಿ. ಬರುವ ಮೊದಲು ಮನುಷ್ಯ ರಾತ್ರಿಹೊತ್ತು ನೋಡುತ್ತ ಕುಳಿತದ್ದು ಚಂದ್ರನನ್ನೇ ಅಲ್ಲವೇ? ಪೈಕ್ ಇದಕ್ಕಾಗಿ ಕ್ಯಾಮೆರಾ ಹಿಡಿದು ಚಂದ್ರನನ್ನು ಚಿತ್ರೀಕರಿಸಲಿಲ್ಲ. ಪಿಕ್ಚರ್ ಟ್ಯೂಬಿಗೆ ಅಯಸ್ಕಾಂತ ಹಿಡಿದು, ಪರದೆಯ ಬೆಳಕನ್ನೇ ಬಿದಿಗೆಯ ಚಂದ್ರನಾಗಿ, ಹುಣ್ಣಿಮೆಯ ಚಂದ್ರನಾಗಿ ಬಾಗಿಸಿದ.

ಇದು ಸಾಧ್ಯವಾದದ್ದು ಹಳೆಯ ಟಿ.ವಿ.ಯ ರಚನೆಯಿಂದ. ಪಿಕ್ಚರ್ ಟ್ಯೂಬಿನ ಹಿಂತುದಿಯಿಂದ ಹೊರಟ ಎಲೆಕ್ಟ್ರಾನುಗಳು ಪರದೆಯ ಒಳಮೈಗೆ ಬಳಿದ ರಾಸಾಯನಿಕಕ್ಕೆ ತಾಗಿದಾಗ ಬೆಳಕು ಮೂಡುತ್ತದೆ. ಅಯಸ್ಕಾಂತ ತಂದರೆ ಎಲೆಕ್ಟ್ರಾನುಗಳ ದಾರಿ ಬಾಗುತ್ತದೆ. ಇಂದಿನ ಚಪ್ಪಟೆ ಪರದೆಗಳಲ್ಲಿ ಈ ಆಟ ನಡೆಯದು. ಜೊತೆಗೆ ಟ್ಯೂಬಿಗೆ ಆಯುಸ್ಸೂ ಇದೆ. ವರ್ಷಗಟ್ಟಲೆ ಉರಿದ ಮೇಲೆ ಅದರ ಕಾಂತಿ ಕುಂದುತ್ತದೆ. ಈ ಶತಮಾನದ ಎರಡನೆಯ ದಶಕ ಮುಗಿಯುವಷ್ಟರಲ್ಲಿ ಪ್ರಮುಖ ತಯಾರಕರೆಲ್ಲ ಪಿಕ್ಚರ್ ಟ್ಯೂಬಿನ ಟಿ.ವಿ.ಗಳನ್ನು ಕೈಬಿಟ್ಟಿದ್ದರು.

ಇದರ ಪರಿಣಾಮ ಪೈಕನ ಇನ್ನೊಂದು ಕೃತಿಯಲ್ಲಿ ಸ್ಪಷ್ಟವಾಗಿ ಕಂಡಿತು. ಸೋಲ್ ಒಲಿಂಪಿಕ್ಸ್ ನಡೆದ 1988ರಲ್ಲಿ ಅವನು ಅಲ್ಲಿಗೆ ಸಮೀಪದ ಗ್ವಾಚಿಯಾನ್‌ನ ರಾಷ್ಟ್ರೀಯ ಕಲಾ ಮ್ಯೂಸಿಯಮ್ಮಿನಲ್ಲಿ 1,003 ಪರದೆಗಳ ಗೋಪುರ ನಿಲ್ಲಿಸಿದ. ಅಕ್ಟೋಬರ್ 3 ಕೊರಿಯಾದ ರಾಷ್ಟ್ರ ಸ್ಥಾಪನಾ ದಿನ. ಪರದೆಗಳ ಸಂಖ್ಯೆ ಅದರ ಸೂಚಕ. ಉಪಕರಣಗಳು ಹಳತಾಗಿ ಅಪಾಯದ ಭೀತಿ ಎದ್ದದ್ದರಿಂದ 2018ರಲ್ಲಿ ಗೋಪುರವನ್ನು ಆರಿಸಬೇಕಾಯಿತು. ಪೈಕ್ ತೀರಿಕೊಂಡು ಆಗಲೇ ಹನ್ನೆರಡು ವರ್ಷವಾಗಿತ್ತು. ಮ್ಯೂಸಿಯಂ ಬಳಸಿದ ಮಾನಿಟರುಗಳನ್ನೂ ಬಿಡಿಭಾಗಗಳನ್ನೂ ಹುಡುಕಿ ತಂದು 737 ಪರದೆಗಳನ್ನು ಸರಿಪಡಿಸಿತು. ಮೇಲ್ಭಾಗದ 266 ಪರದೆಗಳಿಗೆ ಮಾತ್ರ ಹೊರಗಿನ ಆಕಾರ ಉಳಿಸಿ ಒಳಗೆ ಎಲ್‌ಸಿಡಿ ಜೋಡಿಸಿತು. 2022ರಲ್ಲಿ ಗೋಪುರ ಮತ್ತೆ ಬೆಳಗಿತು.

'ಟಿ.ವಿ. ಗಾರ್ಡನ್' ಎದುರಿಸುತ್ತಿರುವ ಪ್ರಶ್ನೆಯೂ ಇದೇ. ಪ್ರತಿ ಪ್ರದರ್ಶನಕ್ಕೂ ಹೊಸ ಗಿಡಗಳು ಬರುತ್ತವೆ. ಒಂದು ಬಾಡಿದರೆ ಅಂಥದ್ದೇ ಇನ್ನೊಂದು ನರ್ಸರಿಯಲ್ಲಿ ಸಿಗುತ್ತದೆ. ಆದರೆ ಪಿಕ್ಚರ್ ಟ್ಯೂಬ್ ಕುಡಿಯೊಡೆಯುವುದಿಲ್ಲ. ಚಪ್ಪಟೆ ಪರದೆ ಹಾಕಿದರೆ ವಿಡಿಯೋ ಓಡುತ್ತದೆ ನಿಜ. ಎಲೆಗಳ ನಡುವೆ ಬಂಡೆಯಂತೆ ಕೂರುವ ಆ ದಪ್ಪ ಪೆಟ್ಟಿಗೆ, ಉಬ್ಬಿದ ಗಾಜಿನ ಹೊಳಪು ಹೋಗುತ್ತವೆ. ಈ ತೋಟವನ್ನು ಉಳಿಸಿಕೊಳ್ಳಲು ಮಾಲಿಯಷ್ಟೇ ಹಳೆಯ ಟಿ.ವಿ. ರಿಪೇರಿ ಬಲ್ಲವನೂ ಬೇಕು. ಇಬ್ಬರಲ್ಲಿ ಸಿಗುವುದು ದುರ್ಲಭವಾಗಿರುವುದು ಎರಡನೆಯವನೇ.