ಪಟ್ಟದ ಹೆಸರು

ಎಳೆಯರು ಹಿರಿಯರ ಹೆಸರನ್ನೂ ನಡೆನುಡಿಗಳನ್ನೂ ತೊರೆದು ಬೇರೊಂದು ಕುಲದ ಅಥವಾ ಸಂಸ್ಕೃತಿಯ ಗುರುತನ್ನು ತಾಳುವುದು ಹೊಸಗಾಲದ ಕೇಡೆಂದು ಎಣಿಸುವವರುಂಟು. ತುಳುನಾಡಿನ ಪೂರ್ವಚರಿತ್ರೆಯನ್ನು ನೋಡಿದವರಿಗೆ ಈ ಮಾತು ಅಷ್ಟು ಸಮಂಜಸವಾಗಿ ತೋರಲಾರದು. ಇಲ್ಲಿಯ ಅರಸುಮನೆಗಳಲ್ಲಿ ತರುಣನೊಬ್ಬನು ಹುಟ್ಟಿದಂದಿನ ಹೆಸರನ್ನು ಬಿಟ್ಟು ಬೇರೆಯವನಾಗುವುದು ಅಪರಾಧವಾಗಿರಲಿಲ್ಲ. ಮನೆಯೇ ಅವನಿಗೆ ವಿಧಿಸಿದ ಕರ್ತವ್ಯವಾಗಿದ್ದಿತು. ಅಳದಂಗಡಿಯ ಅಜಿಲರ ಮನೆ ಇದಕ್ಕೆ ಸಾಕ್ಷಿ.

ಅಜಿಲರು ವೇಣೂರು ಸೀಮೆಯನ್ನಾಳಿದ ಜೈನ ಅರಸರು. ಅವರಲ್ಲಿ ಪಟ್ಟವು ತಂದೆಯಿಂದ ಮಗನಿಗೆ ಸಲ್ಲದೆ ಮಾವನಿಂದ ಸೋದರಳಿಯನಿಗೆ ಸಲ್ಲುತ್ತಿತ್ತು. ಇದೇ ಅಳಿಯಸಂತಾನದ ಕಟ್ಟು. ಘಟ್ಟದ ಮೇಲಿನ ಜೈನರು ಮಕ್ಕಳ ಸಂತಾನದವರು. ತುಳುನಾಡಿನ ಜೈನರಾದರೋ ಬಂಟರಂತೆ ತಾಯಿಯ ಬಳಿಯನ್ನು ಹಿಡಿದವರು. ಪಟ್ಟವೇರಿದ ಅಜಿಲನಿಗೆ ತಿಮ್ಮಣ್ಣರಸನೆಂಬ ಹೆಸರು ಬರುತ್ತದೆ. ತೊಟ್ಟಿಲಲ್ಲಿ ಇಟ್ಟ ಹೆಸರು ಯಾವುದೇ ಇರಲಿ, ಅಂದಿನಿಂದ ಅವನು ತಿಮ್ಮಣ್ಣರಸನೇ. ವ್ಯಕ್ತಿ ಅಳಿದರೂ ಅರಸನು ಅಳಿಯಬಾರದೆಂಬ ಎಣಿಕೆ ಇದರ ಹಿಂದೆ ಇದ್ದಿರಬೇಕು. ಬೀಡು, ಭೂಮಿ, ದೈವದೇವರುಗಳ ಸೇವೆ ಇವೆಲ್ಲವೂ ಆ ಹೆಸರನ್ನೇ ಹಿಡಿದುಕೊಂಡಿದ್ದುವು. ಅದನ್ನು ಹೊರಲು ತರುಣನು ತನ್ನ ಹೆಸರನ್ನು ಕೆಳಗಿಡಬೇಕಾಗುತ್ತಿತ್ತು.

ಆದರೆ ಹೆಸರಿನ ಬದಲಾವಣೆ ಇಲ್ಲಿಗೇ ನಿಲ್ಲಲಿಲ್ಲ. ಶಾಲಿವಾಹನ ಶಕ 1525ಕ್ಕೆ, ಎಂದರೆ ಕ್ರಿ.ಶ. 1604ಕ್ಕೆ ಸಲ್ಲುವ ವೇಣೂರಿನ ಗೊಮ್ಮಟಶಾಸನವನ್ನು ನೋಡಬೇಕು. ಸುಮಾರು 35 ಅಡಿಯ ಆ ವಿಗ್ರಹವನ್ನು ನಿಲ್ಲಿಸಿದ ತಿಮ್ಮರಾಜನು ರಾಯಕುವರನ ಅಳಿಯ, ಪಾಂಡ್ಯಕದೇವಿಯ ಮಗ, ಪಾಂಡ್ಯರಾಜನ ತಮ್ಮ ಎಂದು ಅಲ್ಲಿ ಹೇಳಿದೆ. (ಅಳಿಯನೆಂದರೆ ಸೋದರಿಯ ಮಗನೂ ಆಗಬಹುದು, ಮಗಳ ಗಂಡನೂ ಆಗಬಹುದು, ಕನ್ನಡದ ಈ ಒಂದು ಶಬ್ದ ಚರಿತ್ರಕಾರರಿಗೆ ಕೊಡುವ ತೊಡಕು ಸಾಮಾನ್ಯವಾದುದಲ್ಲ.) ಬೆಳ್ಗೊಳದ ಚಾರುಕೀರ್ತಿಗಳ ಉಪದೇಶದಿಂದ ಈ ಕಾರ್ಯ ನಡೆಯಿತೆಂದೂ ತಿಮ್ಮರಾಜನು ಚಾಮುಂಡಾನ್ವಯದವನೆಂದೂ ಶಾಸನವು ಸಾರುತ್ತದೆ. ಸುಮಾರು 981ರಲ್ಲಿ ಶ್ರವಣಬೆಳ್ಗೊಳದ ಗೊಮ್ಮಟನನ್ನು ನಿಲ್ಲಿಸಿದ ಗಂಗಮಂತ್ರಿ ಚಾಮುಂಡರಾಯನೇ ಈ ಚಾಮುಂಡನು. ತುಳುವನಾದ ಅರಸನು ಆರು ಶತಮಾನಗಳ ಹಿಂದಿನ ಘಟ್ಟದ ಮೇಲಿನ ಪುರುಷನೊಬ್ಬನನ್ನು ತನ್ನ ಪೂರ್ವಜನನ್ನಾಗಿ ವರಿಸಿಕೊಂಡನು! ಶಾಸನದ ಭಾಷೆಯೂ ಮನೆಮಾತಾದ ತುಳುವಲ್ಲ, ಸಂಸ್ಕೃತ, ಕನ್ನಡಗಳು.

ಇದಕ್ಕೆ ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ನೆರೆಯ ಕಾರ್ಕಳದಲ್ಲಿ 1432ರಲ್ಲಿಯೇ ವೀರಪಾಂಡ್ಯನು ಸುಮಾರು 42 ಅಡಿಯ ಗೊಮ್ಮಟನನ್ನು ನಿಲ್ಲಿಸಿದ್ದನು. ಅಲ್ಲಿಯ ಭೈರರಸರು ತಮ್ಮನ್ನು ಪೊಂಬುಚ್ಚದ ಜಿನದತ್ತರಾಯನ ವಂಶದವರೆಂದು ಹೇಳಿಕೊಳ್ಳುತ್ತಿದ್ದರು. ವೇಣೂರಿನ ವಿಗ್ರಹವು ಏಳುವುದನ್ನು ಭೈರರಸನು ತಡೆಯಲೆಳಸಿದನೆಂದೂ ಅಜಿಲನು ಅದನ್ನು ಫಲ್ಗುಣೀ ನದಿಯ ಮರಳಿನಲ್ಲಿ ಹುಗಿದು ಉಳಿಸಿದನೆಂದೂ ಐತಿಹ್ಯವಿದೆ. ಐತಿಹ್ಯವನ್ನು ಅಕ್ಷರಶಃ ನಂಬಬೇಕಾಗಿಲ್ಲ. ಮತ್ಸರವಿದ್ದಿತೆಂಬುದನ್ನು ಮಾತ್ರ ನಂಬಬಹುದು. ಜಿನದತ್ತನ ಎದುರಿಗೆ ಹಿಡಿಯಲು ಚಾಮುಂಡನಿಗಿಂತ ದೊಡ್ಡ ಹೆಸರು ಎಲ್ಲಿ ದೊರಕೀತು? ಇದನ್ನು ಸುಳ್ಳೆಂದು ಜರೆಯುವುದು ನ್ಯಾಯವಲ್ಲ. ಚಾಮುಂಡನು ಮಾಡಿದ ಕೆಲಸವನ್ನೇ ಮಾಡಹೊರಟವನು ತನ್ನನ್ನು ಚಾಮುಂಡನ ಮನೆಯವನೆಂದು ಬಗೆದನು. ಕೆಲಸವು ಮೊದಲು, ಕುಲವು ಆಮೇಲೆ.

ಹೊಸ ಗುರುತು ಬಂದುದರಿಂದ ಹಳೆಯದು ಹೋಗಲಿಲ್ಲವೆಂಬುದು ಇಲ್ಲಿಯ ವಿಶೇಷ. ಬಸದಿಯಲ್ಲಿ ಜಿನನಿಗೆ ಕೈಮುಗಿದವನೇ ದೈವದ ನೇಮದಲ್ಲಿ ಸೀಮೆಯ ಯಜಮಾನನಾಗಿ ನಿಲ್ಲುತ್ತಿದ್ದನು. ಆಡುವುದು ತುಳು, ಬರೆಯಿಸುವುದು ಕನ್ನಡ.

ಇದೇ ಜಿಲ್ಲೆಯ ಇನ್ನೊಬ್ಬ ತರುಣನ ಕತೆ ಬೇರೆ ಬಗೆಯದು. 1844ರ ಜನವರಿಯಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯನು ಬಾಸೆಲ್ ಮಿಶನ್ನಿನಲ್ಲಿ ಕ್ರೈಸ್ತದೀಕ್ಷೆಯನ್ನು ಹೊಂದಿದನು. ಆಗ ಅವನಿಗೆ ಇಪ್ಪತ್ತು ವರ್ಷವೂ ತುಂಬಿರಲಿಲ್ಲ. ಗುರುವಾದ ಹೆರ್ಮನ್ ಮೋಗ್ಲಿಂಗನ ಹೆಸರನ್ನು ತನ್ನ ಹೆಸರಿನ ಮುಂದಿಟ್ಟುಕೊಂಡು, 1846ರಲ್ಲಿ ಬಾಸೆಲಿಗೆ ಹೋಗಿ, 1851ರಲ್ಲಿ ಪಾದ್ರಿಯಾಗಿ ಹಿಂದಿರುಗಿದನು. ಅಜಿಲರ ಅಳಿಯನಿಗೆ ಮನೆಯೇ ಹೆಸರನ್ನು ಕೊಟ್ಟಿತು. ಕೌಂಡಿನ್ಯನು ಹೆಸರಿಗಾಗಿ ಮನೆಯನ್ನು ಬಿಟ್ಟನು. ಒಬ್ಬನಿಗೆ ಬೇಕಾದುದು ಮನೆತನದ ಮುಂದುವರಿಕೆ, ಇನ್ನೊಬ್ಬನಿಗೆ ತನ್ನ ಮನಸ್ಸು ಒಪ್ಪಿದ ಸತ್ಯ. ಕುಲವನ್ನು ಕಳೆದುಕೊಂಡ ಆತನು 1893ರಲ್ಲಿ ತೀರಿಕೊಳ್ಳುವವರೆಗೂ ಋಷಿಗೋತ್ರವನ್ನು ಸೂಚಿಸುವ ಕೌಂಡಿನ್ಯನೆಂಬ ಹೆಸರನ್ನು ಮಾತ್ರ ಬಿಡಲಿಲ್ಲ. ಗುರುವಿನ ಹೆಸರು, ತಾಯ್ತಂದೆಗಳಿಟ್ಟ ಹೆಸರು, ಗೋತ್ರದ ಹೆಸರು ಮೂರೂ ಒಬ್ಬನಲ್ಲಿಯೇ ಕೂಡಿ ನಿಂತುವು.

ಅಳದಂಗಡಿಯಲ್ಲಿಯೂ ಕಾಲವು ತನ್ನ ಕೆಲಸವನ್ನು ಮಾಡದಿರಲಿಲ್ಲ. 1799ರಲ್ಲಿ ಈ ಸೀಮೆ ಕುಂಪಣಿಯ ವಶವಾಯಿತು. 1949ರ ಮದ್ರಾಸು ಅಳಿಯಸಂತಾನ ಕಾಯಿದೆಯಿಂದ ಕುಟುಂಬದ ಆಸ್ತಿಯನ್ನು ಪಾಲುಮಾಡಿಕೊಳ್ಳುವ ದಾರಿ ತೆರೆಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಿಂದ ಮಕ್ಕಳಿಗೂ ಹಕ್ಕು ಬಂದಿತು. ಆಳಲು ಸೀಮೆಯಿಲ್ಲ, ಹಿಂದಿನ ಕಟ್ಟಿಗೆ ಕಾಯಿದೆಯ ಬಲವಿಲ್ಲ. ಹಾಗಿದ್ದರೂ 2012ರಲ್ಲಿ, ಪುನಃ 2024ರಲ್ಲಿ ವೇಣೂರಿನ ಗೊಮ್ಮಟನಿಗೆ ಮಹಾಮಸ್ತಕಾಭಿಷೇಕ ನಡೆದಾಗ ಅಳದಂಗಡಿಯ ಅರಸರನ್ನು ಜನರು ಕರೆದುದು ತಿಮ್ಮಣ್ಣರಸರೆಂದೇ.